ಹೆದರಿದ ರೋಗಿಯ ಜೊತೆ ಮಾತಾಡುವುದೂ ಡ್ಯೂಟಿಯೇ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ ನಮಸ್ಕಾರಗಳು.

ನಾನು ಗದಗ ಜಿಲ್ಲೆಯವಳು. ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಸರ್ಕಾರಿ ವಾರ್ಡುಗಳಲ್ಲಿ ನರ್ಸ್ ಆಗಿ ದುಡಿದು ಈಗ ನಿವೃತ್ತಳಾಗಿದ್ದೇನೆ. ಹೊಸ ಕಟ್ಟಡ ಕೇಳಲು ಈ ಪತ್ರ ಬರೆಯುತ್ತಿಲ್ಲ. ಹೊಸ ಮಷೀನೂ ಬೇಡ. ಹೆದರಿದ ರೋಗಿಯ ಪಕ್ಕದಲ್ಲಿ ಕೂತು ಮಾತಾಡುವುದನ್ನು ಸರ್ಕಾರ ನರ್ಸ್ ಕೆಲಸವೆಂದು ಲೆಕ್ಕಕ್ಕೆ ಹಿಡಿಯಬೇಕು ಎನ್ನುವುದೊಂದೇ ನನ್ನ ಮನವಿ. ಅದಕ್ಕೆ ಟೈಮ್ ಕೊಡಿ, ತರಬೇತಿ ಕೊಡಿ, ಕೇಸ್ ಶೀಟಿನಲ್ಲಿ ಒಂದು ಸಾಲಿನ ಜಾಗ ಕೊಡಿ.

ನಮ್ಮ ಕಡೆ ಆಸ್ಪತ್ರೆಗೆ ಬಂದವರು ಮನಸ್ಸಿನ ಕಷ್ಟವನ್ನು ಮನಸ್ಸಿನದು ಎಂದು ಹೇಳುವುದು ಕಡಿಮೆ. "ಎದಿ ಹಾರಾಕತ್ತೈತ್ರಿ ಸಿಸ್ಟರ್", "ಕೈಕಾಲು ಝುಂ ಅನ್ನಾಕತ್ತಾವು", "ಉಸುರು ಸಿಗವಲ್ದು" ಅಂತಾರೆ. ಅದು ನಾಟಕ ಅಲ್ಲ. ಭಯವಾದಾಗ ಮೈಯಲ್ಲಿ ಅಡ್ರಿನಲಿನ್ ಜಾಸ್ತಿಯಾಗುತ್ತದೆ. ನಾಡಿ ಓಡುತ್ತದೆ, ಬಿಪಿ ಏರುತ್ತದೆ, ಸಕ್ಕರೆಯೂ ಏರಬಹುದು. ಉಸಿರಾಟ ತೀರಾ ಜೋರಾದರೆ ರಕ್ತದಲ್ಲಿ ಕಾರ್ಬನ್ ಡೈ ಆಕ್ಸೈಡ್ ಕಡಿಮೆಯಾಗುತ್ತದೆ. ಆಗ ಬೆರಳು, ತುಟಿ ಜುಮುಗುಡುತ್ತವೆ, ತಲೆ ತಿರುಗುತ್ತದೆ. ಅದನ್ನು ಕಂಡು ರೋಗಿ ಇನ್ನಷ್ಟು ಗಾಬರಿಯಾಗುತ್ತಾನೆ.

ಇಂಥವರಿಗೆ ಮೊದಲು ಇಸಿಜಿ ಮಾಡಲೇಬೇಕು. ಹಾರ್ಟ್ ತೊಂದರೆ ಇದೆಯಾ ಎಂದು ನೋಡದೆ ಬರೀ ಗಾಬರಿ ಎಂದು ಕಳಿಸುವುದು ಅಪಾಯ. ನನ್ನ ತಕರಾರು ಇರುವುದು ಇಸಿಜಿ ನಾರ್ಮಲ್ ಬಂದ ಮೇಲಿನ ಕತೆಯ ಬಗ್ಗೆ. "ನಿಮಗೇನೂ ಆಗಿಲ್ಲ, ಮನೀಗೆ ಹೋಗ್ರಿ" ಎಂದು ಚೀಟಿ ಕೈಗಿಡುತ್ತಾರೆ. ಅವನು ಸಮಾಧಾನವಾಗಿ ಮನೆಗೆ ಹೋಗುತ್ತಾನಾ? ಇಲ್ಲ. ಏನೂ ಆಗಿಲ್ಲ ಅಂದರೆ ಎದೆ ಯಾಕೆ ಹಾರಿತು ಎಂದು ರಾತ್ರಿಯೆಲ್ಲ ಯೋಚಿಸುತ್ತಾನೆ. ರೋಣದವನು ಗದಗಕ್ಕೆ ಬರುತ್ತಾನೆ, ಗದಗದಿಂದ ಹುಬ್ಬಳ್ಳಿಗೆ ಹೋಗುತ್ತಾನೆ. ಒಂದು ಕಡೆ ಎಕೋ, ಇನ್ನೊಂದು ಕಡೆ ಸ್ಕ್ಯಾನ್. ರಿಪೋರ್ಟಿನ ಕವರ್ ದಪ್ಪ ಆಗುತ್ತದೆ, ಸಾಲ ಏರುತ್ತದೆ, ಸಾಲದ ಚಿಂತೆಗೆ ಎದೆ ಮತ್ತೆ ಹಾರುತ್ತದೆ.

ಮೊದಲನೇ ದಿನವೇ ಅವನಿಗೆ ಹೇಳಬೇಕಾಗಿದ್ದ ಮಾತು ಹೆಚ್ಚೇನಿಲ್ಲ. "ನಿಮ್ಮ ಇಸಿಜಿ ನೋಡೀವಿ, ಚಲೋ ಐತಿ. ಆದ್ರ ನಿಮಗಾಗಿದ್ದು ಸುಳ್ಳಲ್ಲ. ಹೆದರಿಕಿ ಆದಾಗ ಉಸುರು ಜೋರಾಗತೈತಿ, ಅದಕ್ಕ ಕೈ ಝುಂ ಅಂದಾವು. ಸ್ವಲ್ಪ ಹೊತ್ನ್ಯಾಗ ಇಳೀತೈತಿ. ನನ್ನ ಜೋಡಿ ಸಾವಕಾಶ ಉಸುರು ಬಿಡ್ರಿ." ಒಳಗೆ ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡುವುದನ್ನು ಪಕ್ಕದಲ್ಲಿ ಕೂತು ಮಾಡಿ ತೋರಿಸಬೇಕು. ಮತ್ತೆ ಮತ್ತೆ ಹೀಗಾದರೆ ಯಾವ ವಾರ, ಯಾವ ಕೋಣೆಗೆ, ಯಾರ ಹತ್ತಿರ ಬರಬೇಕು ಎಂದು ಚೀಟಿಯ ಹಿಂದೆ ಬರೆದುಕೊಡಬೇಕು. ಡಾಕ್ಟರ್ ಮುಂದೆ ಉದ್ದ ಸಾಲು ನಿಂತಿರುತ್ತದೆ. ಈ ಮಾತನ್ನು ಹೇಳಬಹುದಾದವಳು ನರ್ಸ್. ಆದರೆ ಇದನ್ನು ಅವಳ ಕೆಲಸ ಎಂದು ಯಾರೂ ಹೇಳಿಲ್ಲ, ಮಾಡಿದರೆ ಅದು ಎಲ್ಲಿಯೂ ದಾಖಲಾಗುವುದೂ ಇಲ್ಲ.

ಒಳ್ಳೆಯ ಮಾತಾಡಲು ತರಬೇತಿ ಯಾಕೆ ಎಂದು ತಾವು ಕೇಳಬಹುದು. ಒಳ್ಳೆಯ ಮನಸ್ಸಿನವರೂ ಇಲ್ಲಿ ಎಡವುತ್ತಾರೆ, ಅದಕ್ಕೇ. ನಮ್ಮ ವಾರ್ಡುಗಳಲ್ಲಿ ದಿನಕ್ಕೆ ಎಷ್ಟೋ ಸಲ ಕೇಳುವ ಮಾತು "ಏನೂ ಆಗೂದಿಲ್ಲ, ಸುಮ್ನಿರ್ರಿ". ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆ ಮಾತು ಕೇಳಿದ ಮೇಲೆ ರೋಗಿ ತನ್ನ ಭಯವನ್ನು ಬಾಯಿಬಿಟ್ಟು ಹೇಳುವುದನ್ನೇ ನಿಲ್ಲಿಸುತ್ತಾನೆ. ಅವನಿಗೆ ಬೇಕಾಗಿದ್ದು ಮುಂದೆ ಏನು ಮಾಡುತ್ತಾರೆ, ಎಷ್ಟು ಹೊತ್ತು ಹಿಡಿಯುತ್ತದೆ, ನೋವಾಗುತ್ತದಾ ಎನ್ನುವ ನಿಜವಾದ ಉತ್ತರ. ನೋವಾಗುವುದಾದರೆ ಆಗುತ್ತದೆ ಎಂದೇ ಹೇಳಬೇಕು. ಎಷ್ಟು ಹೊತ್ತು ಎಂದೂ ಹೇಳಬೇಕು.

ಅಮೆರಿಕದ ನರ್ಸ್ ಹಿಲ್ಡೆಗಾರ್ಡ್ ಪೆಪ್ಲಾವ್ ಆತಂಕವನ್ನು ನಾಲ್ಕು ಹಂತವಾಗಿ ವಿವರಿಸಿದ್ದಾರೆ: ಅಲ್ಪ, ಮಧ್ಯಮ, ತೀವ್ರ, ಕೊನೆಗೆ ಪ್ಯಾನಿಕ್. ನರ್ಸಿಂಗ್ ಕಾಲೇಜಿನ ಮಕ್ಕಳು ಇದನ್ನು ಪರೀಕ್ಷೆಗೆ ಓದುತ್ತಾರೆ, ಬರೆದು ಪಾಸೂ ಆಗುತ್ತಾರೆ. ಸ್ವಲ್ಪ ಆತಂಕ ಇದ್ದಾಗ ಮನುಷ್ಯ ಚುರುಕಾಗಿರುತ್ತಾನೆ. ಅದು ಏರುತ್ತಾ ಹೋದಂತೆ ಅವನ ಗಮನ ಕಿರಿದಾಗುತ್ತದೆ, ಹೇಳಿದ್ದು ತಲೆಗೆ ಹೋಗುವುದಿಲ್ಲ. ಈ ಒಂದು ಅಂಶ ಕೈಯಲ್ಲಿ ಬಳಕೆಗೆ ಬಂದರೆ ಸಾಕು, ವಾರ್ಡಿನ ಮಾತಿನ ರೀತಿಯೇ ಬದಲಾಗುತ್ತದೆ. ಗಾಬರಿಯಲ್ಲಿ ಇರುವವನಿಗೆ ಒಂದು ಸಲಕ್ಕೆ ಒಂದೇ ಸಣ್ಣ ಮಾತು ಹೇಳಬೇಕು. ನಿಂತು ಮೇಲಿಂದ ಹೇಳಬಾರದು, ಕೂತು ಅವನ ಕಣ್ಣಿನ ಮಟ್ಟಕ್ಕೆ ಬರಬೇಕು. ಹೇಳಿದ್ದನ್ನು ತಿರುಗಿ ಅವನ ಬಾಯಿಂದ ಕೇಳಬೇಕು. ಡಿಸ್ಚಾರ್ಜ್ ಗಡಿಬಿಡಿಯಲ್ಲಿ ಐದಾರು ಮಾತ್ರೆಗಳ ಲೆಕ್ಕವನ್ನು ಒಂದೇ ಉಸಿರಿನಲ್ಲಿ ಹೇಳಿ, ಮರುವಾರ "ಎಷ್ಟ್ ಸಲ ಹೇಳಬೇಕು ನಿಮಗ?" ಎಂದು ಗದರುವುದನ್ನು ನಾನು ಬಹಳ ನೋಡಿದ್ದೇನೆ.

ನಾನು ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ಮುಂಡರಗಿ ಕಡೆಯ ರೈತರೊಬ್ಬರು ಕಾಲಿನ ಆಪರೇಷನ್‌ಗೆ ದಾಖಲಾಗಿದ್ದರು. ಓಟಿಗೆ ಒಯ್ಯುವ ಹೊತ್ತಿಗೆ ಬಿಪಿ ಏರುತ್ತಿತ್ತು. ಆಪರೇಷನ್ ಮುಂದಕ್ಕೆ ಹೋಗುತ್ತಲೇ ಇತ್ತು. ಮಾತ್ರೆ ಬದಲಾಯಿಸಿದರು. ಮನೆಯವರನ್ನು "ಉಪ್ಪು ಕೊಟ್ಟೀರೇನು?" ಎಂದು ಬೈದರು. ಒಂದು ಸಂಜೆ ನರ್ಸಿಂಗ್ ಕಲಿಯುವ ಹುಡುಗಿಯೊಬ್ಬಳು ಸುಮ್ನೆ ಹತ್ತಿರ ಕೂತು "ಅಜ್ಜಾ, ನಿಮಗ ಯಾವುದರ ಹೆದರಿಕಿ ಜಾಸ್ತಿ?" ಎಂದು ಕೇಳಿದಳು. ಅವರ ಊರಿನಲ್ಲಿ ಯಾರೋ ಅರಿವಳಿಕೆ ಕೊಟ್ಟ ಮೇಲೆ ಎಚ್ಚರವಾಗಲಿಲ್ಲವಂತೆ. ತಮಗೂ ಹಾಗೇ ಆಗುತ್ತದೆ ಎಂದು ಅವರು ನಿಶ್ಚಯ ಮಾಡಿಕೊಂಡಿದ್ದರು. ಹೊಲ ಯಾವ ಮಗನಿಗೆ ಎಂದು ಇನ್ನೂ ಬರೆದಿಟ್ಟಿಲ್ಲ ಎನ್ನುವ ಕೊರಗು ಬೇರೆ. ಅವಳು ಅರಿವಳಿಕೆ ಡಾಕ್ಟರಿಗೆ ವಿಷಯ ಮುಟ್ಟಿಸಿದಳು. ಅವರು ಬಂದು, ನಿಮಗೆ ಸೊಂಟದ ಕೆಳಗೆ ಮಾತ್ರ ಮರಗಟ್ಟುವ ಇಂಜೆಕ್ಷನ್, ನೀವು ಎಚ್ಚರವೇ ಇರುತ್ತೀರಿ ಎಂದು ವಿವರಿಸಿದರು. ಮುಂದಿನ ಸಲ ಆಪರೇಷನ್ ನಡೆಯಿತು. ಬಿಪಿ ಇಳಿದದ್ದರಲ್ಲಿ ಮಾತ್ರೆಯ ಪಾಲೂ ಇರಬಹುದು. ಆದರೆ ಅಷ್ಟು ದಿನ ಮಲಗಿದ್ದ ಮನುಷ್ಯನಿಗೆ ಆ ಪ್ರಶ್ನೆ ಕೇಳುವುದು ಯಾರ ಡ್ಯೂಟಿಯಲ್ಲೂ ಇರಲಿಲ್ಲ ಎನ್ನುವುದು ನಿಜ ತಾನೇ? ಕಲಿಯುವ ಹುಡುಗಿಗೆ ಕೇಸ್ ಸ್ಟಡಿ ಬರೆಯುವುದಿತ್ತು, ಹಾಗಾಗಿ ಅವಳಿಗೆ ಟೈಮ್ ಇತ್ತು.

ಸಚಿವರೇ, ಇನ್ನೊಂದು ವಿಷಯವನ್ನು ಹೇಳಲೇಬೇಕು. ಹಾವೇರಿ, ಗದಗ ರೈತರ ಜಿಲ್ಲೆಗಳು. ಮಳೆ ಕೈಕೊಟ್ಟು, ರೇಟು ಬಿದ್ದು, ಸಾಲ ಕುತ್ತಿಗೆಗೆ ಬಂದಾಗ ಜೀವ ಕಳೆದುಕೊಳ್ಳಲು ಹೋದವರನ್ನು ನಮ್ಮ ಕ್ಯಾಶುವಾಲ್ಟಿಗೇ ತರುತ್ತಾರೆ. ಗಂಡನ ಕುಡಿತಕ್ಕೆ ಬೇಸತ್ತ ಹೆಣ್ಣುಮಕ್ಕಳನ್ನು ತರುತ್ತಾರೆ. ಪರೀಕ್ಷೆಯಲ್ಲಿ ಫೇಲಾದ ಮಕ್ಕಳನ್ನೂ ತರುತ್ತಾರೆ. ಜೀವ ಉಳಿಸಲು ಡಾಕ್ಟರು, ನರ್ಸು ಎಲ್ಲರೂ ಹೆಣಗುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರಿಗೆ ಎಚ್ಚರವಾದ ಮೇಲೆ ಕಿವಿಗೆ ಬೀಳುವುದು "ಮಕ್ಕಳ ಮಾರಿ ನೋಡಬಾರದಿತ್ತಾ?" ಎನ್ನುವಂಥ ಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಏನು ಹೇಳುತ್ತದೆ ಎಂದು ತಮಗೆ ಗೊತ್ತು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರನ್ನು ಶಿಕ್ಷಿಸುವಂತಿಲ್ಲ. ಅವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಕೊಡುವುದು ಸರ್ಕಾರದ ಕರ್ತವ್ಯ. ಕಾಯ್ದೆ ಜಾರಿಗೆ ಬಂದದ್ದು 2018ರಲ್ಲಿ. ಆ ಕರ್ತವ್ಯ ಶುರುವಾಗುವ ಜಾಗ ಕ್ಯಾಶುವಾಲ್ಟಿಯ ಮಂಚ. ಅಲ್ಲಿ ನಿಂತ ನರ್ಸಿಗೆ ಈ ಕಲಂ ಬಗ್ಗೆ ಒಂದು ತಾಸಿನ ಪಾಠವಾದರೂ ಆಗಿರಬೇಕಲ್ವಾ?

"ಈಗಲೂ ಸಾಯಬೇಕು ಅನ್ನಿಸ್ತದೇನು?" ಎಂದು ನೇರವಾಗಿ ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎಂದು ಎಷ್ಟೋ ನರ್ಸ್‌ಗಳು ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಯಾರಾದರೂ ಕೇಳಿದರಲ್ಲ ಎಂದು ಎಷ್ಟೋ ಜನ ಹಗುರಾಗುತ್ತಾರೆ. ಕೇಳುವುದನ್ನೂ, ಕೇಳಿದ ಮೇಲೆ ಯಾರಿಗೆ ತಿಳಿಸಬೇಕು ಎನ್ನುವುದನ್ನೂ ಕಲಿಸಬೇಕು. ಮನೆಗೆ ಹೋಗುವಾಗ 14416 ನಂಬರನ್ನು ಕೈಗೆ ಬರೆದು ಕೊಡಬೇಕು. ಟೆಲಿ ಮಾನಸ್ ಸಹಾಯವಾಣಿ 2022ರಿಂದ ಇದೆ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಈ ಪತ್ರ ಓದುವವರಲ್ಲಿ ಯಾರಿಗಾದರೂ ಬೇಕಾದರೆ ಈಗಲೇ ಬರೆದಿಟ್ಟುಕೊಳ್ಳಿ.

ಐಸಿಯು ಹೊರಗೆ ಕೂತವರ ಪಾಡೂ ಇದೇ. ಹಾನಗಲ್ಲಿನಿಂದಲೋ ಸವಣೂರಿನಿಂದಲೋ ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದು, ವರಾಂಡದಲ್ಲಿ ಚಾಪೆ ಹಾಸಿಕೊಂಡು ಮಲಗಿರುತ್ತಾರೆ. ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತಾರೆ. ಒಳಗೆ ಏನು ನಡೆದಿದೆ ಎಂದು ಯಾರೂ ಹೇಳುವುದಿಲ್ಲ. ಕೊನೆಗೆ ಒಂದು ದಿನ ಕೆಟ್ಟ ಸುದ್ದಿ ಒಮ್ಮೆಲೇ ಬಂದಾಗ ಜಗಳ, ಗಾಜು ಒಡೆಯುವುದು, ಸಿಬ್ಬಂದಿಯ ಮೇಲೆ ಕೈ ಮಾಡುವುದು. ಹಲ್ಲೆಯನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ನಮ್ಮ ರಾಜ್ಯದಲ್ಲಿ 2009ರ ಕಾನೂನು ಇದೆ, ಬಳಸಲಿ. ಆದರೆ ದಿನಕ್ಕೆ ಎರಡು ಸಲ, ಗೊತ್ತಾದ ಹೊತ್ತಿಗೆ, ಒಬ್ಬ ಡಾಕ್ಟರ್ ಮತ್ತು ಒಬ್ಬ ನರ್ಸ್ ಹೊರಗೆ ಬಂದು ಮನೆಯವರ ಜೊತೆ ಮಾತಾಡಿದರೆ ಎಷ್ಟೋ ಜಗಳ ಹುಟ್ಟುವುದೇ ಇಲ್ಲ. ಗದಗ ಜಿಲ್ಲೆಯ ತಾಂಡಾಗಳಿಂದ ಬರುವ ಅಜ್ಜಿಯರಿಗೆ ಲಂಬಾಣಿಯಲ್ಲೇ ಹೇಳಿದರೆ ಚೆನ್ನಾಗಿ ತಿಳಿಯುತ್ತದೆ, ಕೆಲವರಿಗೆ ಉರ್ದುವಿನಲ್ಲಿ. ವಾರ್ಡಿನಲ್ಲಿ ಆ ಭಾಷೆ ಬಲ್ಲವರು ಯಾರು ಎಂದು ಗೋಡೆಯ ಮೇಲೆ ಒಂದು ಪಟ್ಟಿ ಅಂಟಿಸಲು ಖರ್ಚು ಏನಿದೆ?

ಇಷ್ಟೆಲ್ಲ ಹೇಳಿದ ಮೇಲೆ ನರ್ಸ್‌ಗಳ ಪರವಾಗಿಯೂ ಹೇಳಬೇಕು. ಅವರು ಕಲ್ಲು ಮನಸ್ಸಿನವರಲ್ಲ. ಸಾಮಾನ್ಯ ವಾರ್ಡಿನಲ್ಲಿ, ಬೋಧನಾ ಆಸ್ಪತ್ರೆಯಾದರೆ 3 ರೋಗಿಗಳಿಗೆ ಒಬ್ಬರು, ಬೇರೆ ಆಸ್ಪತ್ರೆಯಾದರೆ 5 ರೋಗಿಗಳಿಗೆ ಒಬ್ಬರು ನರ್ಸ್ ಇರಬೇಕು ಎನ್ನುವುದು ಭಾರತೀಯ ಶುಶ್ರೂಷಾ ಪರಿಷತ್ತಿನ ಲೆಕ್ಕ. ತಾವು ಯಾವುದಾದರೂ ರಾತ್ರಿ, ಮೊದಲೇ ತಿಳಿಸದೆ, ಒಂದು ವಾರ್ಡಿಗೆ ಹೋಗಿ ಎಣಿಸಿ ನೋಡಿ. ಅದರ ಮೇಲೆ ಇಂಡೆಂಟ್ (ಸ್ಟೋರಿನಿಂದ ಬೇಕಾದ ಔಷಧಿ, ಸಾಮಾನಿನ ಬೇಡಿಕೆ ಪಟ್ಟಿ) ಬರೆಯುವುದು, ಕಂಪ್ಯೂಟರ್ ಎಂಟ್ರಿ, ಲ್ಯಾಬ್ ರಿಪೋರ್ಟ್ ಹಿಂದೆ ಓಡುವುದು ಎಲ್ಲವೂ ಅವರ ತಲೆಗೇ. ಗುತ್ತಿಗೆಯಲ್ಲಿ ಇರುವವರಿಗೆ ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎನ್ನುವ ಚಿಂತೆ. ನರ್ಸ್ ಗಾಬರಿಯಲ್ಲಿದ್ದರೆ ಅದು ರೋಗಿಗೂ ದಾಟುತ್ತದೆ. ಹಾಗಾಗಿ ಖಾಲಿ ಹುದ್ದೆ ತುಂಬದೆ ಬರೀ "ನಗುಮೊಗದ ಸೇವೆ" ಎಂದು ಸುತ್ತೋಲೆ ಕಳಿಸಿದರೆ ಅವರ ಹೊರೆ ಇನ್ನೂ ಜಾಸ್ತಿಯಾಗುತ್ತದೆ ಅಷ್ಟೇ.

ತರಬೇತಿಗೆ ದೂರ ಹೋಗಬೇಕಿಲ್ಲ. ಧಾರವಾಡದಲ್ಲಿ ಡಿಮ್ಹಾನ್ಸ್ ಎನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಹುಬ್ಬಳ್ಳಿಯಲ್ಲಿ 1957ರಲ್ಲಿ ಶುರುವಾದ, ನಾವೆಲ್ಲ ಇನ್ನೂ ಕಿಮ್ಸ್ ಎಂದೇ ಕರೆಯುವ ಮೆಡಿಕಲ್ ಕಾಲೇಜು ಇದೆ. ಗದಗದಲ್ಲಿ, ಹಾವೇರಿಯಲ್ಲಿ ಈಗ ಮೆಡಿಕಲ್ ಕಾಲೇಜುಗಳಿವೆ. ಸಾಮಾನ್ಯ ಸಿಬ್ಬಂದಿಗೆ ಮನಸ್ಸಿನ ಆರೈಕೆ ಕಲಿಸಬಹುದು ಎಂದು ದೇಶಕ್ಕೆ ತೋರಿಸಿದ್ದೇ ನಮ್ಮ ರಾಜ್ಯ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟಿತು. 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದಾಗ ಅದಕ್ಕೆ ಮಾದರಿಯಾಗಿದ್ದು ಆ ಬಳ್ಳಾರಿಯೇ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದ, ಮಾನಸಿಕ ಆರೋಗ್ಯಕ್ಕೆಂದೇ ಇರುವ ಮಂಗಳವಾರದ ಕ್ಲಿನಿಕ್ಕುಗಳೂ ನಮ್ಮಲ್ಲೇ ಬಂದವು. ಆದರೆ ಇವೆಲ್ಲ ಮನೋರೋಗ ಎಂದು ಗುರುತಾದವರಿಗೆ. ಸರ್ಜರಿ ವಾರ್ಡಿನಲ್ಲಿ, ಹೆರಿಗೆ ವಾರ್ಡಿನಲ್ಲಿ, ಡಯಾಲಿಸಿಸ್ ಮಂಚದ ಮೇಲೆ ನಡುಗುತ್ತಾ ಮಲಗಿದವರಿಗೆ ಯಾರಿದ್ದಾರೆ?

ಹಾಗಾಗಿ ನನ್ನ ಕೋರಿಕೆ. ಧಾರವಾಡ, ಗದಗ, ಹಾವೇರಿ, ಈ ಮೂರು ಜಿಲ್ಲೆಗಳಲ್ಲಿ ಮೊದಲು ಮಾಡಿ ನೋಡಿ. ಸಾಮಾನ್ಯ ವಾರ್ಡಿನ ನರ್ಸ್‌ಗಳನ್ನು ಸಣ್ಣ ಸಣ್ಣ ಬ್ಯಾಚಿನಲ್ಲಿ ಡಿಮ್ಹಾನ್ಸ್‌ಗೆ ಕಳಿಸಿ. ಅವರು ಹೋದ ದಿನ ವಾರ್ಡಿಗೆ ಬದಲಿ ನರ್ಸ್ ಕೊಡಿ, ಇಲ್ಲದಿದ್ದರೆ ಯಾರನ್ನೂ ಬಿಡುವುದಿಲ್ಲ. ತರಬೇತಿ ಭಾಷಣ ಕೇಳುವುದಾಗಬಾರದು, ಒಬ್ಬರು ರೋಗಿಯಾಗಿ ಒಬ್ಬರು ನರ್ಸ್ ಆಗಿ ನಮ್ಮ ಕಡೆಯ ಮಾತಿನಲ್ಲೇ ಆಡಿ ಕಲಿಯಬೇಕು. ಕೇಸ್ ಶೀಟಿನಲ್ಲಿ ಜ್ವರ, ನಾಡಿ, ಬಿಪಿ ಕೆಳಗೆ "ರೋಗಿಗೆ ಏನು ಚಿಂತೆ" ಎಂದು ಒಂದು ಸಾಲು ಸೇರಿಸಿ. ಎಲ್ಲರ ಮುಂದೆ ಬಾಯಿಬಿಡಲಾಗದ ಹೆಣ್ಣುಮಕ್ಕಳ ಜೊತೆ ಮಾತಾಡಲು ಒಂದು ಮರೆಯ ಜಾಗ ಕೊಡಿ, ಪರದೆ ಕಟ್ಟಿದ ಮೂಲೆಯಾದರೂ ಸಾಕು. ಸ್ಟೋರಿನ ಮತ್ತು ಕಂಪ್ಯೂಟರಿನ ಕೆಲಸಕ್ಕೆ ಬೇರೆ ಸಿಬ್ಬಂದಿ ಕೊಡಿ.

ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳು ತಮ್ಮ ಇಲಾಖೆಯವು, ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳು ವೈದ್ಯಕೀಯ ಶಿಕ್ಷಣ ಇಲಾಖೆಯವು ಎಂದು ನನಗೆ ಗೊತ್ತು. ಲಕ್ಷ್ಮೇಶ್ವರದಿಂದ ಬಂದ ರೋಗಿಗೆ ಆ ಗೆರೆ ಕಾಣುವುದಿಲ್ಲ. ತಾವಿಬ್ಬರು ಸಚಿವರು ಒಟ್ಟಿಗೆ ಕೂತು ಒಂದೇ ಆದೇಶ ಹೊರಡಿಸಬೇಕು. ಮೊದಲ ಬ್ಯಾಚಿಗೆ ಯಾರನ್ನು ಕಳಿಸುವುದು ಎಂದು ಕೇಳಿದರೆ, ಕ್ಯಾಶುವಾಲ್ಟಿಯಲ್ಲಿ ರಾತ್ರಿ ಪಾಳಿ ಮಾಡುವವರಿಂದ ಶುರು ಮಾಡಿ. ಪಾಠ ಮಾಡಲು ನನ್ನಂಥ ನಿವೃತ್ತರು ಬೇಕಾದರೆ ಕರೆಯಿರಿ, ಸಂಭಾವನೆ ಇಲ್ಲದೆ ಬರುತ್ತೇನೆ.

ಇತಿ,
ನಿವೃತ್ತ ಶುಶ್ರೂಷಾಧಿಕಾರಿ
ಗದಗ ಜಿಲ್ಲೆ