ಮಕ್ಕಳ ಗ್ರಾಮಸಭೆಯಲ್ಲಿ ಮೊದಲು ಕಳೆದ ವರ್ಷದ ಪುಟ ಓದಿ

ಮಾನ್ಯ ಸಂಪಾದಕರೇ,

ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು. ನಮ್ಮ ಮನೆಯವರು ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್. ಮಗಳು ಸರ್ಕಾರಿ ಶಾಲೆಯಲ್ಲಿ ಏಳನೇ ಕ್ಲಾಸು, ಮಗ ಮೂರನೇ ಕ್ಲಾಸು. ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು.

ಕಳೆದ ವರ್ಷ ಜೂನ್‌ನಲ್ಲಿ ಮಗಳ ಶಾಲೆಯಲ್ಲಿ ಶಾಲಾ ಸಂಸತ್ತಿನ ಚುನಾವಣೆ ನಡೆಯಿತು. ಅವಳು ಆರೋಗ್ಯ ಮಂತ್ರಿ ಸ್ಥಾನಕ್ಕೆ ನಿಂತಳು. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಎಲ್ಲರ ಮುಂದೆ ಹೇಳಿದ್ದು ಒಂದೇ ಮಾತು: "ನಮ್ಮ ಹೆಣ್ಣುಮಕ್ಕಳ ಶೌಚಾಲಯದ ನಲ್ಲಿಯಲ್ಲಿ ನೀರು ಬರೋ ಹಾಗೆ ಮಾಡ್ತೀನಿ." ಗೆದ್ದಳು.

ಆ ನಲ್ಲಿಯಲ್ಲಿ ನೀರು ನಿಂತು ಆಗಲೇ ಒಂದು ವರ್ಷವಾಗಿತ್ತು. ಮಳೆಗಾಲದಲ್ಲಿ ಮರ ಬಿದ್ದು ಪೈಪ್ ಒಡೆದಿತ್ತು. ಅಂದಿನಿಂದ ದೊಡ್ಡ ಹುಡುಗಿಯರು ಬಿಸಿಯೂಟದ ಅಡುಗೆಮನೆಯ ನಲ್ಲಿಯಿಂದ ನೀರು ಹೊರುತ್ತಾರೆ. ಜುಲೈ ಮಳೆ ಹೇಗಿರುತ್ತದೆ ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಬಕೆಟ್, ಕಾಲಡಿಗೆ ಪಾಚಿ. ಮಗಳು ಸಂಜೆ ಬರುವಾಗ ಲಂಗದ ಬಲಗಡೆ ಮಾತ್ರ ಒದ್ದೆಯಾಗಿರುತ್ತಿತ್ತು, ಬಕೆಟ್ ತಾಗುವ ಕಡೆ. ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತಿದ್ದೆ. ಹೊಗೆ ವಾಸನೆ ಹಿಡಿದ ಲಂಗವನ್ನೇ ಹಾಕಿಕೊಂಡು ಮರುದಿನ ಹೋಗುತ್ತಿದ್ದಳು. ಇದಾದರೂ ಸಹಿಸಬಹುದು. ಶೌಚಾಲಯಕ್ಕೆ ಹೋಗಬೇಕಾಗುತ್ತದೆ ಅಂತ ಕೆಲವು ಹುಡುಗಿಯರು ಬೆಳಗ್ಗೆಯಿಂದ ಸಂಜೆವರೆಗೆ ನೀರೇ ಕುಡಿಯೋದಿಲ್ಲ ಅಂತ ಅವಳು ಹೇಳಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸುತ್ತವೆ, ಸಾಮಾನ್ಯವಾಗಿ ನವೆಂಬರ್‌ನಲ್ಲಿ. ಮಕ್ಕಳು ತಮ್ಮ ತೊಂದರೆಯನ್ನು ತಾವೇ ಹೇಳಬಹುದು. ನನ್ನ ಪ್ರಕಾರ ಇಷ್ಟು ಒಳ್ಳೆಯ ಪದ್ಧತಿ ಇನ್ನೊಂದಿಲ್ಲ. ಮಗಳು ಚೀಟಿಯಲ್ಲಿ ಬರೆದುಕೊಂಡು ಹೋಗಿ ಓದಿದಳು. ವೇದಿಕೆ ಮೇಲಿದ್ದವರು "ಮುಂದಿನ ವಾರವೇ ಮಾಡಿಸ್ತೀವಿ ಮಗು" ಅಂದರು. ನಡವಳಿ ಪುಸ್ತಕದಲ್ಲಿ ಬರೆದೂಕೊಂಡರು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು, ಬಿಸ್ಕೆಟ್ ಕೊಟ್ಟರು, ಫೋಟೊ ತೆಗೆದರು.

ಮುಂದಿನ ವಾರ ಯಾರೂ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಮಗಳು, ಅವಳ ಇಬ್ಬರು ಗೆಳತಿಯರು, ಜೊತೆಗೆ ಅವರ ಟೀಚರ್ ಎರಡು ಸಲ ಪಂಚಾಯಿತಿ ಆಫೀಸಿಗೆ ಹೋಗಿ ಬಂದರು. ಒಮ್ಮೆ "ಬಿಲ್ ಆಗಿಲ್ಲ" ಅಂದರಂತೆ, ಇನ್ನೊಮ್ಮೆ "ಆಗೇ ಹೋಯ್ತು ಅಂತ ತಿಳ್ಕೊಳ್ಳಿ" ಅಂದರಂತೆ.

ಈ ನಡುವೆ ನಮ್ಮ ಮನೆಯಲ್ಲಿ ನಡೆದ ಒಂದು ವಿಷಯವನ್ನೂ ಹೇಳಬೇಕು. ಹುತ್ತರಿ ಹಬ್ಬಕ್ಕೆ ನಾವು ತವರುಮನೆಗೆ ಹೋಗಿದ್ದೆವು. ಅಮ್ಮ ಇನ್ನೆರಡು ದಿನ ಇರಿ ಅಂದರು, ಇದ್ದೆವು. ವಾಪಸ್ ಬಂದು ಮಗಳ ರಜಾ ಚೀಟಿಯಲ್ಲಿ "ಜ್ವರ" ಅಂತ ಬರೆದು ಸಹಿ ಹಾಕಿದೆ. ಎಲ್ಲರೂ ಬರೆಯುವುದು ಹಾಗೇ ಅಲ್ವಾ, ಅದರಲ್ಲೇನು ಅಂತ. ಸಂಜೆ ಬಂದವಳು ಚೀಲ ಕೆಳಗಿಡದೆ ಬಾಗಿಲಲ್ಲೇ ನಿಂತಳು. "ಟೀಚರ್ ಹಣೆ ಮುಟ್ಟಿ ನೋಡಿ, ಈಗ ಕಡಿಮೆ ಆಯ್ತಾ ಅಂತ ಕೇಳಿದ್ರು. ಹೂಂ ಅಂದೆ. ಅಮ್ಮಾ, ಪಂಚಾಯಿತಿಯವರಿಗೂ ನಮಗೂ ಏನು ವ್ಯತ್ಯಾಸ?"

ನನ್ನ ಬಳಿ ಉತ್ತರ ಇರಲಿಲ್ಲ. ಅಂದು ರಾತ್ರಿ ಇನ್ನೊಂದು ಚೀಟಿ ಬರೆದೆ. "ಹುತ್ತರಿಗೆ ತವರಿಗೆ ಹೋಗಿ ಎರಡು ದಿನ ಜಾಸ್ತಿ ಉಳಿದೆವು. ಜ್ವರ ಅಂತ ಬರೆದದ್ದು ನನ್ನ ತಪ್ಪು." ಬೆಳಗ್ಗೆ ನಾನೇ ಹೋಗಿ ಕೊಟ್ಟೆ. ಟೀಚರ್ ಓದಿ, ನನ್ನ ಕೈ ಹಿಡಿದುಕೊಂಡರು, ಏನೂ ಹೇಳಲಿಲ್ಲ. ಅಂದಿನಿಂದ ನಮ್ಮ ಮನೆಯಿಂದ ಸುಳ್ಳು ಚೀಟಿ ಹೋಗಿಲ್ಲ.

ಮಾರ್ಚ್‌ನಲ್ಲಿ ಶಾಲೆ ಮುಗಿಯುವ ಮೊದಲು ಮಂತ್ರಿಗಳೆಲ್ಲ ತಾವು ಮಾಡಿದ ಕೆಲಸ ಹೇಳಬೇಕಿತ್ತು. ನನ್ನ ಮಗಳು ಎದ್ದು ನಿಂತು ಹೇಳಿದಳಂತೆ: "ನೀರು ಬರಿಸ್ತೀನಿ ಅಂದಿದ್ದೆ. ಆಗಲಿಲ್ಲ. ಸಭೆಯಲ್ಲಿ ಒಂದು ಸಲ, ಆಫೀಸಿನಲ್ಲಿ ಎರಡು ಸಲ ಕೇಳಿದ್ವಿ. ನನ್ನ ಮೇಲೆ ನಂಬಿಕೆ ಇಟ್ಟು ವೋಟು ಹಾಕಿದ್ರಿ, ಸಾರಿ." ಟೀಚರ್ ನನಗೆ ಫೋನ್ ಮಾಡಿ ಇದನ್ನು ಹೇಳುವಾಗ ಅವರ ದನಿಯೇ ನಡುಗುತ್ತಿತ್ತು. ನಾನು ಮಷಿನ್ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಈ "ಆಗಲಿಲ್ಲ" ಅನ್ನುವ ಒಂದು ಮಾತನ್ನು ನಾನು ದೊಡ್ಡವರ ಬಾಯಲ್ಲಿ ಕೇಳಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ನಮ್ಮ ಮನೆಯವರ ಚಿಕ್ಕಮ್ಮ ಮನೆ ಕಳೆದುಕೊಂಡು ನಮ್ಮಲ್ಲಿಗೆ ಬಂದರು. ಜಂಬೂರು, ಮದೆನಾಡಿನ ಹೊಸ ಮನೆಗಳು ಸಂತ್ರಸ್ತರ ಕೈಸೇರುವಾಗ 2020 ಬಂದಿತ್ತು. ಅಷ್ಟೊಂದು ಮನೆ ಕಟ್ಟಲು ಸಮಯ ಬೇಕು, ಅದು ಚಿಕ್ಕಮ್ಮನಿಗೂ ಗೊತ್ತಿತ್ತು. ಅವರನ್ನು ಸುಸ್ತು ಮಾಡಿದ್ದು ಯಾರನ್ನು ಕೇಳಿದರೂ ಸಿಗುತ್ತಿದ್ದ "ಬರುವ ತಿಂಗಳು" ಅನ್ನುವ ಉತ್ತರ. "ಎರಡು ವರ್ಷ ಆಗ್ತದೆ ಅಂತ ಮೊದಲೇ ಹೇಳಿದ್ದರೆ ನಾಲ್ಕು ಕೋಳಿ ಸಾಕ್ಕೊಂಡು ಇರ್ತಿದ್ದೆ" ಅಂತ ಈಗಲೂ ಹೇಳುತ್ತಾರೆ.

ಮಗಳಿಗೆ ಪಂಚಾಯಿತಿಯ ಮೂರು ಹಂತಗಳ ಪಾಠ ಇದೆ. "ನಮ್ಮ ತಾಲ್ಲೂಕು ಪಂಚಾಯಿತಿ ಮೆಂಬರ್ ಯಾರಮ್ಮ?" ಅಂತ ಕೇಳಿದಳು. 2016ರಲ್ಲಿ ಗೆದ್ದವರ ಅವಧಿ 2021ರಲ್ಲೇ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ ಅಂದೆ. "ಯಾಕೆ ನಡೆಸಲಿಲ್ಲ ಅಂತ ಯಾರೂ ಬಂದು ಹೇಳಲಿಲ್ವಾ?" ಅಂದಳು.

ಎಂಎಲ್‌ಎ ಚುನಾವಣೆಗೆ ನಿಲ್ಲುವವರು ಆಸ್ತಿ, ಸಾಲ, ಕೇಸು, ಓದು ಎಲ್ಲವನ್ನೂ ಅಫಿಡವಿಟ್‌ನಲ್ಲಿ ಬರೆದುಕೊಡಬೇಕು. 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಬಂದ ಪದ್ಧತಿ ಇದು, ಒಳ್ಳೆಯದೇ. ಆದರೆ ಹೋದ ಸಲ ಏನು ಮಾತು ಕೊಟ್ಟಿದ್ದೆ, ಅದರಲ್ಲಿ ಯಾವುದು ಆಗಲಿಲ್ಲ, ಯಾಕೆ ಆಗಲಿಲ್ಲ ಅಂತ ಬರೆಯಲು ಅದರಲ್ಲಿ ಜಾಗವಿಲ್ಲ.

ದೊಡ್ಡ ಕಾನೂನು ಬದಲಿಸಿ ಅಂತ ಕೇಳುವ ಶಕ್ತಿ ನನಗಿಲ್ಲ. ನಮ್ಮ ಜಿಲ್ಲೆಯ ಎಲ್ಲ ಗ್ರಾಮ ಪಂಚಾಯಿತಿಗಳಲ್ಲಿ ಇಷ್ಟು ಮಾಡಲಿ. ಈ ವರ್ಷದ ಮಕ್ಕಳ ಗ್ರಾಮಸಭೆಯಲ್ಲಿ ಸ್ವಾಗತ, ಭಾಷಣ ಎಲ್ಲಕ್ಕಿಂತ ಮೊದಲು ಕಳೆದ ವರ್ಷದ ನಡವಳಿ ಪುಸ್ತಕ ತೆಗೆದು, ಮಕ್ಕಳು ಕೇಳಿದ್ದನ್ನು ಒಂದೊಂದಾಗಿ ಗಟ್ಟಿಯಾಗಿ ಓದಲಿ. ಆಗಿದ್ದರೆ ಆಗಿದೆ ಅನ್ನಲಿ. ಆಗದಿದ್ದರೆ ಆಗಲಿಲ್ಲ ಅಂತ, ಕಾರಣ ಸಮೇತ, ಮಕ್ಕಳ ಮುಖ ನೋಡಿ ಹೇಳಲಿ. ಹತ್ತು ನಿಮಿಷದ ಕೆಲಸ. ನೀವು ವರದಿಗಾರರನ್ನು ಕಳಿಸುವುದಾದರೆ ದಯವಿಟ್ಟು ಆ ಹತ್ತು ನಿಮಿಷಕ್ಕೆ ಮೊದಲೇ ಕಳಿಸಿ.

ಮಗಳು ಈ ಸಲ ಯಾವ ಮಂತ್ರಿಯೂ ಅಲ್ಲ. ಆದರೂ ಕಳೆದ ವರ್ಷದ ಆ ಚೀಟಿಯನ್ನು ಗಣಿತದ ನೋಟ್ಸ್ ಒಳಗೆ ಇಟ್ಟುಕೊಂಡಿದ್ದಾಳೆ. ಸಭೆಗೆ ಈ ಬಾರಿ ನಾನೂ ಹೋಗುತ್ತೇನೆ. ನಲ್ಲಿ ಇನ್ನೂ ಒಣಗಿಯೇ ಇದೆ.

– ಇಬ್ಬರು ಮಕ್ಕಳ ತಾಯಿ
ಸೋಮವಾರಪೇಟೆ ತಾಲ್ಲೂಕು, ಕೊಡಗು