ಆಪರೇಷನ್ ನಂತರದ ಸೂಚನೆ ಕನ್ನಡದಲ್ಲಿ ಕೊಡಿ

ಮಾನ್ಯ ಸಂಪಾದಕರೇ,

ನಾನು ಅರಕಲಗೂಡಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿರುವವನು. ಪಶುಪಾಲನಾ ಇಲಾಖೆಗೂ ಪಶುವೈದ್ಯಕೀಯ ಕಾಲೇಜುಗಳಿಗೂ ಒಂದು ಸಣ್ಣ ಬೇಡಿಕೆ ಇದೆ. ನಾಯಿಗೆ ಮೂಳೆಯ ಆಪರೇಷನ್ ಮಾಡಿ ಮನೆಗೆ ಕಳಿಸುವಾಗ, ಮುಂದೆ ಏನು ಮಾಡಬೇಕು, ಏನು ಮಾಡಬಾರದು ಎಂದು ಕನ್ನಡದಲ್ಲಿ ಅಚ್ಚು ಹಾಕಿದ ಒಂದು ಹಾಳೆ ಕೊಡಿ.

"ನಾಯಿಗೆ ಸೊಂಟದ ಆಪರೇಷನ್ನಾ?" ಎಂದು ಅಂಗಡಿಗೆ ಬಂದವರೆಲ್ಲ ನಕ್ಕು ಹೋಗಿದ್ದಾರೆ. ಹಾಲಿನ ಜಿಲ್ಲೆ ನಮ್ಮದು, ಪಶು ಆಸ್ಪತ್ರೆ ಇರುವುದು ಹಸು ಎಮ್ಮೆಗೆ ಅಂತಲೇ ಎಲ್ಲರ ಲೆಕ್ಕ. ಕಾಲುಬಾಯಿ ಜ್ವರದ ಲಸಿಕೆ, ಕೆಚ್ಚಲುಬಾವು, ಕರು ಅಡ್ಡ ಸಿಕ್ಕಿಕೊಂಡ ಹಸು, ಇವೆಲ್ಲದರ ಮಧ್ಯೆ ನಾಲ್ಕೂವರೆ ಕೆಜಿಯ ನಾಯಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ನಿಲ್ಲಲು ನನಗೇ ಸಂಕೋಚವಾಗುತ್ತಿತ್ತು. ಆದರೆ ಪಾಮ್ (ಪೊಮೆರೇನಿಯನ್) ನಾಯಿ ಸಾಕುವುದು ಬೆಂಗಳೂರಿನವರ ಶೋಕಿಯಾಗಿದ್ದ ಕಾಲ ಹೋಯಿತು. ನಮ್ಮ ಪೇಟೆಯಲ್ಲೇ ಬೀದಿಗೆ ಎರಡು ಮೂರು ಇವೆ.

ನಮ್ಮದು ಕಂದು ಬಣ್ಣದ್ದು. ಮಗಳು ರಾಗಿ ಅಂತ ಹೆಸರಿಟ್ಟಳು. ಏಳನೇ ತಿಂಗಳಲ್ಲಿ ಎಡ ಹಿಂಗಾಲು ಎತ್ತಿಕೊಂಡು ಕುಂಟತೊಡಗಿತು. ಬಿದ್ದಿರಲಿಲ್ಲ, ಗಾಡಿ ತಾಗಿರಲಿಲ್ಲ. ನೋಡಿದವರೆಲ್ಲ "ಕ್ಯಾಲ್ಸಿಯಂ ಕಮ್ಮಿ ಆಗಿದೆ, ಟಾನಿಕ್ ಹಾಕಿ" ಎಂದರು. ಒಬ್ಬರು ತಮ್ಮ ಮಂಡಿನೋವಿನ ಮಾತ್ರೆಯಲ್ಲಿ ಅರ್ಧ ಮುರಿದು ಕೊಡಲು ಬಂದರು. ನನ್ನ ಹೆಂಡತಿ ಇಸಿದುಕೊಂಡು ಮೋರಿಗೆ ಎಸೆದಳು. ಅವಳು ಮಾಡಿದ್ದು ಸರಿ. ನಮಗೆ ಕೊಡುವ ಡೈಕ್ಲೊಫಿನಾಕ್, ಐಬುಪ್ರೊಫೇನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಒಸರಿಸುತ್ತವೆ, ಕಿಡ್ನಿಗೂ ಹೊಡೆತ. ಡೈಕ್ಲೊಫಿನಾಕ್ ಅನ್ನು ಪಶುಗಳಿಗೆ ಬಳಸಬಾರದೆಂದು 2006ರಲ್ಲೇ ನಿಷೇಧವಾಗಿದೆ. ಅದು ರಣಹದ್ದುಗಳನ್ನು ಉಳಿಸಲು ಆದ ನಿಷೇಧ ಅನ್ನುವುದು ಬೇರೆ ಮಾತು.

ಎಕ್ಸ್‌ರೇ ತೆಗೆಸಿದ ಮೇಲೆ ತಿಳಿಯಿತು: ತೊಡೆಮೂಳೆಯ ತುದಿಯಲ್ಲಿ, ಸೊಂಟದ ಬಟ್ಟಲಿನೊಳಗೆ ಕೂರುವ ಗುಂಡಿನಂಥ ತಲೆಗೆ ರಕ್ತ ಹರಿಯುವುದು ನಿಂತು, ಆ ಭಾಗದ ಮೂಳೆ ಸತ್ತು ಕುಸಿದಿದೆ. ಇದಕ್ಕೆ ಲೆಗ್-ಕಾಲ್ವೆ-ಪರ್ಥೀಸ್ ಕಾಯಿಲೆ ಅನ್ನುತ್ತಾರೆ. ಅಮೆರಿಕ, ಫ್ರಾನ್ಸ್, ಜರ್ಮನಿಯ ಮೂವರು ವೈದ್ಯರು 1910ರಲ್ಲಿ ಮಕ್ಕಳ ಸೊಂಟದಲ್ಲಿ ಇದನ್ನು ಗುರುತಿಸಿ ಬರೆದಿದ್ದರಂತೆ. ನಾಯಿಗಳಲ್ಲಿ ಬರುವುದು ಸಣ್ಣ ತಳಿಗಳಿಗೇ ಹೆಚ್ಚು, ಅದೂ ನಾಲ್ಕು ತಿಂಗಳಿಂದ ವರ್ಷದೊಳಗೆ. ಟಾನಿಕ್ಕಿಗೆ ಬಗ್ಗುವ ಕಾಯಿಲೆ ಅಲ್ಲ. ಕೆಲವು ತಳಿಗಳಲ್ಲಿ ವಂಶದಿಂದ ಬರುವುದರಿಂದ ಇಂಥ ನಾಯಿಯನ್ನು ಮರಿ ಮಾಡಿಸಬಾರದು. ಮರಿ ಮಾರುವವರು ಇದನ್ನು ಕೇಳಿಸಿಕೊಳ್ಳುವುದಿಲ್ಲ ಬಿಡಿ.

ಬೇರಿಂಗ್ ಹೋದ ಮೋಟಾರಿಗೆ ಹೊಸ ಬೇರಿಂಗ್ ಕೂರಿಸುವುದು ನನ್ನ ಕಸುಬು. ಈ ಆಪರೇಷನ್ನಿನಲ್ಲಿ ಕೆಟ್ಟ ಗುಂಡನ್ನು ಅದರ ಕತ್ತಿನ ಸಮೇತ ಕತ್ತರಿಸಿ ತೆಗೆದು, ಆ ಜಾಗಕ್ಕೆ ಏನನ್ನೂ ಹಾಕುವುದಿಲ್ಲ ಎಂದಾಗ ನನಗೆ ನಂಬಿಕೆ ಬರಲಿಲ್ಲ. ಹಾಗಾದರೆ ಕಾಲು ನಿಲ್ಲುವುದು ಯಾವುದರ ಮೇಲೆ? ಡಾಕ್ಟರು ಎಕ್ಸ್‌ರೇ ಹಾಳೆಯ ಮೇಲೆಯೇ ಪೆನ್ನಿನಲ್ಲಿ ಗೆರೆ ಎಳೆದು ತೋರಿಸಿದರು. ಮೂಳೆಗೆ ಮೂಳೆ ಉಜ್ಜುವುದು ನಿಲ್ಲುತ್ತದೆ, ನೋವು ಹೋಗುತ್ತದೆ. ಸುತ್ತಲಿನ ಸ್ನಾಯುಗಳು ಕಾಲನ್ನು ಹಿಡಿದುಕೊಳ್ಳುತ್ತವೆ, ಮಧ್ಯದಲ್ಲಿ ಗಟ್ಟಿ ನಾರಿನಂಥ ಅಂಗಾಂಶ ಬೆಳೆದು ಕೀಲಿನ ಕೆಲಸ ಮಾಡುತ್ತದೆ. ಮೈಭಾರ ಕಡಿಮೆ ಇರುವ ನಾಯಿಗಳಿಗೆ ಇದು ಚೆನ್ನಾಗಿ ಹೊಂದುತ್ತದೆ.

ಆದರೆ ಆ ನಾರು ಸಡಿಲವಾಗಿ, ಕಾಲು ಸಲೀಸಾಗಿ ಆಡುವಂತೆ ಬೆಳೆಯಬೇಕಾದರೆ ಬೆಳೆಯುವ ಹೊತ್ತಿನಲ್ಲೇ ಕಾಲು ಆಡುತ್ತಿರಬೇಕು. ಸುಮ್ಮನೆ ಮಲಗಿಸಿದರೆ ಅದು ಬಿಗಿದುಕೊಳ್ಳುತ್ತದೆ, ತೊಡೆ ಒಣಗುತ್ತದೆ, ನಾಯಿ ಮೂರೇ ಕಾಲಿನಲ್ಲಿ ನಡೆಯುವುದನ್ನು ರೂಢಿ ಮಾಡಿಕೊಳ್ಳುತ್ತದೆ. ಆಮೇಲೆ ಅದನ್ನು ಬಿಡಿಸುವುದು ಕಷ್ಟ.

ಇಷ್ಟನ್ನೂ ಡಾಕ್ಟರು ಬಾಯಲ್ಲಿ ಹೇಳಿದರು, ಚೆನ್ನಾಗಿಯೇ ಹೇಳಿದರು. ಎಲ್ಲಿ, ಯಾರು ಎಂದು ಬರೆಯುವುದಿಲ್ಲ, ಆಪರೇಷನ್ ಬಗ್ಗೆ ನನ್ನ ದೂರು ಏನೂ ಇಲ್ಲ. ಆದರೆ ಹೊರಗೆ ಸಾಲು ನಿಂತಿತ್ತು. ಒಳಗೆ ನಾಯಿಗೆ ಅರಿವಳಿಕೆಯ ಮತ್ತು ಇಳಿಯುತ್ತಿತ್ತು, ಮಗಳು ಅಳುತ್ತಿದ್ದಳು. ಆ ಹೊತ್ತಿನಲ್ಲಿ ಕಿವಿಗೆ ಬಿದ್ದದ್ದು ಮನೆಗೆ ಬರುವಷ್ಟರಲ್ಲಿ ಎಷ್ಟು ಉಳಿದೀತು? ಕೈಗೆ ಕೊಟ್ಟ ಕಾಗದ ಇಂಗ್ಲಿಷಿನಲ್ಲಿತ್ತು, ಅರ್ಧ ಬರೀ ಮೊದಲಕ್ಷರಗಳು. ಪಿಯುಸಿ ಓದುವ ಮಗಳಿಗೂ ತಿಳಿಯಲಿಲ್ಲ. 'ಬಿಐಡಿ' ಎಂದರೆ ದಿನಕ್ಕೆ ಎರಡು ಸಲ ಎಂದು ಮೆಡಿಕಲ್ ಶಾಪಿನ ಹುಡುಗ ಹೇಳಿದ. ಕಾಲಿನ ವ್ಯಾಯಾಮದ ಸಾಲುಗಳು ಅವನಿಗೂ ಗೊತ್ತಾಗಲಿಲ್ಲ. ಕೊನೆಗೆ ಡಾಕ್ಟರಿಗೇ ಫೋನು. ಪಾಪ, ಅವರು ಬೇಸರ ಮಾಡಿಕೊಳ್ಳದೆ ಹೇಳಿದರು.

ಕಾಗದ ಅರ್ಥವಾಗದ ಮನೆಯಲ್ಲಿ ಅಕ್ಕಪಕ್ಕದವರ ಮಾತೇ ನಡೆಯುತ್ತದೆ. ಹಿಂದಿನ ಬೀದಿಯವರ ನಾಯಿಗೆ ಬೈಕ್ ಬಡಿದು ತೊಡೆಮೂಳೆ ಮುರಿದಿತ್ತು, ಪ್ಲೇಟ್ ಹಾಕಿಸಿದ್ದರು. "ವಾರಗಟ್ಟಲೆ ಅಲ್ಲಾಡಿಸಬೇಡಿ ಅಂದಿದ್ರು, ನೀವೇನು ಹೀಗೆ ನಡೆಸ್ತಿದ್ದೀರಾ?" ಎಂದು ಅವರು ನಮ್ಮನ್ನೇ ಗದರಿದರು. ಮುರಿದ ಮೂಳೆ ಕೂಡಬೇಕು, ಅದಕ್ಕೆ ಅಲುಗಾಟ ಕೂಡದು, ಅವರ ನಾಯಿಗೆ ಹೇಳಿದ್ದು ಸರಿಯೇ. ನಮ್ಮ ನಾಯಿಯಲ್ಲಿ ಕೂಡಬೇಕಾದ ಮೂಳೆಯೇ ಇಲ್ಲ. ನಮ್ಮವ್ವ ಅಂತೂ ರಾಗಿಯನ್ನು ಕೆಳಗೆ ಬಿಡುತ್ತಲೇ ಇರಲಿಲ್ಲ. "ಕುಯ್ದು ಹೊಲಿದವ್ರೆ ಕಣೋ, ಅದನ್ನ ನಡಿ ಅಂತೀಯಲ್ಲ, ಕರುಳಿಲ್ವಾ ನಿಂಗೆ?" ಎಂದು ಸೊಂಟದ ಮೇಲೆ ಕೂರಿಸಿಕೊಂಡು ಮನೆಯೆಲ್ಲ ತಿರುಗುತ್ತಿದ್ದರು. ಅಂಥ ಪ್ರೀತಿಯ ಮುಂದೆ ನನ್ನ ಮಾತು ನಡೆಯುವುದಿಲ್ಲ. ಡಾಕ್ಟರ ಸಹಿ, ಸೀಲು ಇರುವ ಕನ್ನಡದ ಹಾಳೆ ಇದ್ದಿದ್ದರೆ ಅವ್ವನೇ ಓದಿಕೊಂಡು ಒಪ್ಪುತ್ತಿದ್ದರು.

ಹಾಳೆಯಲ್ಲಿ ಏನಿರಬೇಕು ಎಂಬುದನ್ನು ಡಾಕ್ಟರುಗಳೇ ತೀರ್ಮಾನಿಸಲಿ. ನಮಗೆ ಉಪಯೋಗಕ್ಕೆ ಬಂದದ್ದನ್ನು ಮಾತ್ರ ಹೇಳುತ್ತೇನೆ. ಮೊದಲ ಎರಡು ಮೂರು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಆಮೇಲೆ ಬೆಚ್ಚನೆಯ ಶಾಖ. ನೋವಿನ ಔಷಧಿ ಊಟದ ಮೇಲೆ, ಬರೆದಷ್ಟೇ. ಔಷಧಿ ಹಿಡಿದ ಹೊತ್ತಿನಲ್ಲಿ ನಾಯಿಯನ್ನು ಮಗ್ಗುಲಾಗಿ ಮಲಗಿಸಿ ಕಾಲನ್ನು ಮೆಲ್ಲಗೆ ಮಡಚಿ ಬಿಡಿಸುವುದು. ಹಿಂದಕ್ಕೆ ಚಾಚುವುದನ್ನು ಬಿಡಬಾರದು, ಈ ಆಪರೇಷನ್ನಿನ ನಂತರ ಮೊದಲು ಬಿಗಿಯುವುದು ಅದೇ. ಕಿರುಚಿದರೆ ಅಲ್ಲಿಗೇ ನಿಲ್ಲಿಸಬೇಕು. ಹತ್ತು ಹದಿನಾಲ್ಕು ದಿನಕ್ಕೆ ಹೊಲಿಗೆ ಬಿಚ್ಚುವವರೆಗೆ ನೆಕ್ಕದಂತೆ ಕುತ್ತಿಗೆಗೆ ಪ್ಲಾಸ್ಟಿಕ್ ಕಾಲರ್. ನೆಲಕ್ಕೆ ಟೈಲ್ಸ್ ಹಾಕಿಸಿದ್ದರೆ ಓಡಾಡುವ ಜಾಗಕ್ಕೆಲ್ಲ ಗೋಣಿಚೀಲ ಅಥವಾ ಮ್ಯಾಟ್. ಮಂಚ, ಸೋಫಾ ಹತ್ತಿ ಇಳಿಯಲು ಬಿಡಬಾರದು. ಮೈ ಬರಿಸಬಾರದು.

ನಡೆಸುವುದರಲ್ಲಿ ಒಂದು ಗುಟ್ಟಿದೆ. ಬೆಲ್ಟ್ ಹಿಡಿದು ನಾವು ಬಿರಬಿರನೆ ಹೋದರೆ ನಾಯಿ ಕಾಲೆತ್ತಿಕೊಂಡು ಮೂರರಲ್ಲೇ ಹಾರುತ್ತಾ ಬರುತ್ತದೆ. ನಾವು ತೀರಾ ನಿಧಾನ ಮಾಡಿದರೆ ಬೇರೆ ದಾರಿ ಕಾಣದೆ ನಾಲ್ಕನೆಯದನ್ನೂ ಊರುತ್ತದೆ. ಮೊದಲು ಬೆರಳ ತುದಿ, ಆಮೇಲೆ ಪಾದ. ಇದು ಆ ಇಂಗ್ಲಿಷ್ ಕಾಗದದಲ್ಲೂ ಇರಲಿಲ್ಲ, ಫೋನಿನಲ್ಲಿ ಡಾಕ್ಟರು ಹೇಳಿದ್ದು. ಹೊಲಿಗೆ ಬಿಚ್ಚಿದ ಮೇಲೆ ಟೇಪಿನಲ್ಲಿ ಎರಡೂ ತೊಡೆ ಅಳೆದು ಬರೆದಿಡುತ್ತಿದ್ದೇನೆ. ಎಡಗಡೆಯದು ಇನ್ನೂ ಸಣ್ಣದೇ, ಆದರೆ ತುಂಬಿಕೊಳ್ಳುತ್ತಿದೆ. ಪೂರ್ತಿ ಚೇತರಿಕೆಗೆ ತಿಂಗಳುಗಳೇ ಬೇಕು.

ದನಕರುವಿಗಾದರೆ 1962ಕ್ಕೆ ಫೋನು ಮಾಡಿದರೆ ಪಶು ಸಂಜೀವಿನಿ ಗಾಡಿ ಮನೆ ಬಾಗಿಲಿಗೆ ಬರುತ್ತದೆ. ನಾಯಿಗೂ ಗಾಡಿ ಕಳಿಸಿ ಎಂದು ನಾನು ಕೇಳುತ್ತಿಲ್ಲ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಶಿವಮೊಗ್ಗದಲ್ಲೂ ಇದೆ, ಎರಡೂ ಬೀದರಿನ ವಿಶ್ವವಿದ್ಯಾಲಯಕ್ಕೆ ಸೇರಿದವು. ಅಲ್ಲಿ ಓದುವ ಕನ್ನಡದ ಹುಡುಗ ಹುಡುಗಿಯರಿಂದಲೇ ಬರೆಸಬಹುದು. ಗುಂಡು ತೆಗೆದ ಆಪರೇಷನ್ನಿಗೆ ಒಂದು, ಪ್ಲೇಟ್ ಹಾಕಿದ್ದಕ್ಕೆ ಇನ್ನೊಂದು, ಹೀಗೆ ಬೇರೆ ಬೇರೆ ಹಾಳೆ ಇರಲಿ, ಕಾಲು ಹೇಗೆ ಹಿಡಿಯಬೇಕು ಎಂಬ ಚಿತ್ರ ಸಮೇತ. ಜೊತೆಗೆ ವಾರಕ್ಕೊಂದು ಮಧ್ಯಾಹ್ನ, ಹಸುಗಳ ಸಾಲು ಕರಗಿದ ಮೇಲೆ, ತಾಲ್ಲೂಕು ಆಸ್ಪತ್ರೆಯಲ್ಲಿ ಯಾರಾದರೂ ಹತ್ತು ನಿಮಿಷ ಕಾಲು ಆಡಿಸಿ ನೋಡಿ "ಸರಿ ಹೋಗ್ತಿದೆ" ಅಥವಾ "ಹಾಸನಕ್ಕೆ ಹೋಗಿ" ಎಂದು ಹೇಳುವಂತಾದರೆ, ಅದನ್ನು ಕೇಳುವುದಕ್ಕೆಂದೇ ಅಂಗಡಿ ಮುಚ್ಚಿ, ನಾಯಿಗೂ ಟಿಕೆಟ್ ತೆಗೆಸಿ ಬಸ್ ಹತ್ತುವುದು ತಪ್ಪುತ್ತದೆ.

ಇಂತಿ,
ಮೋಟಾರ್ ರಿವೈಂಡಿಂಗ್ ಕೆಲಸಗಾರ,
ಅರಕಲಗೂಡು, ಹಾಸನ ಜಿಲ್ಲೆ