ಸಿಟೌಟ್‌ಗೆ ಗಾಜೇ ಮದ್ದಲ್ಲ

ಮಾನ್ಯ ಸಂಪಾದಕರೇ,

ಮುಂಗಾರು ಹತ್ತಿರವಾದಂತೆ ಮನೆ ಮುಂದಿನ ಜಗಲಿ, ಸಿಟೌಟ್, ಬಾಲ್ಕನಿಗಳನ್ನು ಮುಚ್ಚಿಸುವ ಕೆಲಸ ಕರಾವಳಿಯಿಂದ ಬೆಂಗಳೂರಿನವರೆಗೆ ಭರದಿಂದ ಸಾಗುತ್ತದೆ. ಫ್ಯಾಬ್ರಿಕೇಶನ್ ಅಂಗಡಿಗೆ ಬಂದವರು ಮೊದಲು ಕೇಳುವುದು ‘ಚದರ ಅಡಿಗೆ ಎಷ್ಟು?’ ಎಂದು. ಅದಕ್ಕೂ ಮೊದಲು ತಮ್ಮನ್ನೇ ಕೇಳಿಕೊಳ್ಳಬೇಕಾದದ್ದು, ತಡೆಯಬೇಕಾಗಿರುವುದು ಏನನ್ನು ಎಂದು. ಮಳೆಯ ಎರಚಲನ್ನೋ, ಸೊಳ್ಳೆಯನ್ನೋ, ಮಂಗ-ಕಳ್ಳರನ್ನೋ, ಮಗು ಬೀಳುವುದನ್ನೋ, ಪಡುವಣದ ಬಿಸಿಲನ್ನೋ? ಒಂದಕ್ಕೆ ಹೊಂದುವ ಸಾಮಾನು ಇನ್ನೊಂದಕ್ಕೆ ಹೊಂದುವುದಿಲ್ಲ. ಮೂರೂ ಕಡೆ ಗಾಜು ಹಾಕಿಸಿ, ಸೆಕೆ ತಾಳಲಾರದೆ ಅದನ್ನು ಸರಿಸಿಟ್ಟು, ಸಂಜೆ ಸೊಳ್ಳೆ ಕಚ್ಚಿಸಿಕೊಂಡು ಕೂರುವ ಮನೆಗಳು ಬೇಕಾದಷ್ಟಿವೆ.

ಮಳೆಯ ವಿಚಾರವನ್ನೇ ಮೊದಲು ನೋಡೋಣ. ಕರಾವಳಿ, ಮಲೆನಾಡಿನಲ್ಲಿ ಎರಚಲು ಬರುವುದು ಬಹುಮಟ್ಟಿಗೆ ಪಶ್ಚಿಮ ಮತ್ತು ನೈಋತ್ಯದಿಂದ, ಅದೂ ನಾಲ್ಕು ತಿಂಗಳು ಮಾತ್ರ. ಹಿಂದಿನವರು ಮಳೆ ಹಿಡಿಯುವ ಮೊದಲು ಆ ಬದಿಗೆ ಸೋಗೆ ತಟ್ಟಿ ಕಟ್ಟಿ, ಮಳೆ ಹೋದ ಮೇಲೆ ಬಿಚ್ಚುತ್ತಿದ್ದರು. ಆ ಲೆಕ್ಕ ಇವತ್ತಿಗೂ ಸರಿ. ವರ್ಷದ ನಾಲ್ಕು ತಿಂಗಳ ತೊಂದರೆಗೆ ಹನ್ನೆರಡು ತಿಂಗಳ ಗೋಡೆ ಬೇಕಿಲ್ಲ. ಮಾಡಿನ (ಚಾವಣಿಯ) ಚಾಚನ್ನು ಹೆಚ್ಚಿಸಿದರೆ ಸಾಕು ಅನ್ನುವವರೂ ಇದ್ದಾರೆ. ಗಾಳಿಗೆ ಮಳೆ 45 ಡಿಗ್ರಿ ಓರೆಯಾಗಿ ಹೊಡೆದರೆ ಮೂರು ಅಡಿ ಚಾಚು ಕಾಯುವುದು ಮೂರು ಅಡಿ ಎತ್ತರವನ್ನು ಮಾತ್ರ. ಎಂಟು ಅಡಿ ಎತ್ತರದ ತೆರಪಿನಲ್ಲಿ ಕೆಳಗಿನ ಐದು ಅಡಿ ನೆನೆದೇ ನೆನೆಯುತ್ತದೆ. ಹಾಗಾಗಿ ಎರಚಲು ಬರುವ ಬದಿಗೆ ಚಾಚಿನ ಜೊತೆ ಸುತ್ತಿ ಮೇಲೇರಿಸುವ ಪರದೆ ಹಾಕಿಸಿ, ಉಳಿದ ಬದಿಗಳನ್ನು ತೆರೆದೇ ಬಿಡಿ.

ಪರದೆಯಲ್ಲೂ ವ್ಯತ್ಯಾಸವಿದೆ. ಕೆಳಗೆ ಪೈಪು ಕಟ್ಟಿ ಸುಮ್ಮನೆ ಇಳಿಬಿಟ್ಟದ್ದು ಗಾಳಿಗೆ ಪಟಪಟ ಹೊಡೆದುಕೊಂಡು ಒಂದೇ ಮಳೆಗಾಲದಲ್ಲಿ ಅಂಚು ಹರಿದುಕೊಳ್ಳುತ್ತದೆ. ಬಟ್ಟೆಯ ಎರಡೂ ಅಂಚು ಪಕ್ಕದ ಚಾನೆಲ್‌ನೊಳಗೆ ಜಿಪ್ಪಿನಂತೆ ಕೂತು ಓಡಾಡುವ ಬಗೆ ದುಬಾರಿ, ಆದರೆ ಗಾಳಿಗೆ ನಿಲ್ಲುವುದು ಅದೇ. ಪಾರದರ್ಶಕ ಪಿವಿಸಿ ಪರದೆ ಬಿಸಿಲಿಗೆ ಹಳದಿಯಾಗಿ, ಗಡುಸಾಗಿ, ಮಡಿಕೆಯಲ್ಲಿ ಸೀಳುತ್ತದೆ. ಯಾವ ಪರದೆಯನ್ನೇ ಆಗಲಿ ಒದ್ದೆ ಇರುವಾಗಲೇ ಸುತ್ತಿಟ್ಟರೆ ಒಳಗೆ ಬೂಷ್ಟು ಹಿಡಿಯುವುದು ಖಚಿತ.

ಈಗ ಮಾಡಿನ ವಿಚಾರ. ದುಡ್ಡು ಹಾಳಾಗುವುದು ಹೆಚ್ಚಾಗಿ ಇಲ್ಲೇ. ಬೆಳಕು ಬೇಕೆಂದು ಪಾಲಿಕಾರ್ಬೊನೇಟ್ (ಬೆಳಕು ಹಾಯುವ ಗಟ್ಟಿ ಪ್ಲಾಸ್ಟಿಕ್) ಶೀಟು ಹಾಕಿಸುವವರು ತಿಳಿಯಬೇಕಾದ ಮೊದಲ ಸಂಗತಿ, ಅದು ಬಿಸಿಗೆ ಹಿಗ್ಗುತ್ತದೆ ಮತ್ತು ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹಿಗ್ಗುತ್ತದೆ. ಮೂರು ಮೀಟರ್ ಉದ್ದದ ಶೀಟು 40 ಡಿಗ್ರಿ ತಾಪ ಏರಿದರೆ ಸುಮಾರು 8 ಮಿಲಿಮೀಟರ್ ಬೆಳೆಯುತ್ತದೆ. ಸ್ಕ್ರೂ ಗಾತ್ರಕ್ಕೆ ಸರಿಯಾಗಿ ತೂತು ಕೊರೆದು ಬಿಗಿದರೆ ಆ ಬೆಳವಣಿಗೆಗೆ ಜಾಗವಿಲ್ಲ. ಶೀಟು ಉಬ್ಬಿ ‘ಟಕ್ ಟಕ್’ ಎನ್ನುತ್ತದೆ, ಕೊನೆಗೆ ತೂತಿನಿಂದಲೇ ಬಿರುಕು ಹೊರಡುತ್ತದೆ. ತೂತು ಸ್ಕ್ರೂಗಿಂತ ಮೂರು-ನಾಲ್ಕು ಮಿ.ಮೀ. ದೊಡ್ಡದಿರಲಿ, ಮೇಲೆ ಅಗಲ ವಾಷರ್, ಅದರ ಕೆಳಗೆ ಬಿಸಿಲು-ಮಳೆ ತಾಳುವ ಇಪಿಡಿಎಂ ರಬ್ಬರ್ ಇರಲಿ. ಪಿವಿಸಿ ಗ್ಯಾಸ್ಕೆಟ್ ಬೇಡ, ಅದರಿಂದ ಒಸರುವ ಎಣ್ಣೆಯಂಥ ಅಂಶ ಶೀಟನ್ನು ತಿನ್ನುತ್ತದೆ. ರಬ್ಬರು ಶೀಟಿಗೆ ಕಚ್ಚಿ ಕೂತರೆ ಸಾಕು. ವಾಷರಿನ ಸುತ್ತ ರಬ್ಬರು ಉಬ್ಬಿ ಹೊರಗೆ ಬಂದಿದ್ದರೆ ಬಿಗಿ ಹೆಚ್ಚಾಗಿದೆ ಎಂದರ್ಥ, ಅಲ್ಲೇ ನಿಂತು ಸಡಿಲ ಮಾಡಿಸಿ. ಸಂದು ಮುಚ್ಚಲು ಸಿಲಿಕಾನ್ ಹಚ್ಚುವುದಾದರೆ ‘ನ್ಯೂಟ್ರಲ್’ ಎಂದು ಬರೆದದ್ದನ್ನೇ ತರಿಸಿ. ವಿನೆಗರ್ ವಾಸನೆ ಹೊಡೆಯುವ ಅಗ್ಗದ ಟ್ಯೂಬು ಈ ಕೆಲಸಕ್ಕಲ್ಲ.

ಪಾಲಿಕಾರ್ಬೊನೇಟಿನಲ್ಲಿ ಟೊಳ್ಳು ಶೀಟು ಆರಿಸಿದರೆ ಅದರೊಳಗಿನ ಕೊಳವೆಗಳು ಇಳಿಜಾರಿನ ಉದ್ದಕ್ಕೆ ಇರಬೇಕು, ಅಡ್ಡಡ್ಡ ಇರಕೂಡದು. ಮೇಲಿನ ತುದಿಗೆ ಅಲ್ಯುಮಿನಿಯಂ ಟೇಪು, ಕೆಳತುದಿಗೆ ಗಾಳಿಯಾಡುವ ಟೇಪು ಹಾಕಬೇಕು. ಎರಡೂ ಕಡೆ ಪೂರ್ತಿ ಮುಚ್ಚಿದರೆ ಒಳಗೆ ಬೆವರು ನಿಲ್ಲುತ್ತದೆ, ಎರಡೂ ಕಡೆ ತೆರೆದರೆ ಧೂಳು, ಇರುವೆ, ಪಾಚಿ. ಕೊಳವೆಯೊಳಗೆ ಒಮ್ಮೆ ಪಾಚಿ ಹಿಡಿದರೆ ತೊಳೆಯುವ ದಾರಿಯೇ ಇಲ್ಲ. ಬಿಸಿಲಿನಿಂದ ಕಾಯುವ ಯುವಿ ಲೇಪನ ಸಾಮಾನ್ಯವಾಗಿ ಒಂದೇ ಮುಖಕ್ಕೆ ಇರುತ್ತದೆ. ಶೀಟಿಗೆ ಅಂಟಿಕೊಂಡೇ ಬರುವ, ಅಕ್ಷರ ಮುದ್ರಿಸಿದ ಫಿಲ್ಮಿನ ಮೇಲೆ ಯಾವ ಮುಖ ಬಿಸಿಲಿಗೆ ಎಂದು ಬರೆದಿರುತ್ತದೆ. ಕೆಲಸದವರು ಫಿಲ್ಮನ್ನು ಮೊದಲೇ ಕಿತ್ತು ಎಸೆದರೆ ಯಾವ ಮುಖ ಯಾವುದು ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ತಲೆಕೆಳಗಾಗಿ ಕೂತ ಶೀಟು ಬೇಗನೆ ಹಳದಿಯಾಗಿ ಪುಡಿಪುಡಿಯಾಗುತ್ತದೆ. ಶೀಟು ಕೂರಿಸಿದ ಕೂಡಲೇ ಫಿಲ್ಮು ತೆಗೆಸಬೇಕು, ಬಿಟ್ಟರೆ ಬಿಸಿಲಿಗೆ ಅಂಟು ಬೆಂದು ಮತ್ತೆ ಬಿಡುವುದಿಲ್ಲ.

ಇಳಿಜಾರು ಕನಿಷ್ಠ ಐದು ಡಿಗ್ರಿ, ಅಂದರೆ ಹತ್ತು ಅಡಿಗೆ ಹತ್ತೂವರೆ ಇಂಚು. ಮಲೆನಾಡಿನಲ್ಲಿ ಇದರ ಎರಡರಷ್ಟು ಕೊಟ್ಟರೂ ಹೆಚ್ಚಲ್ಲ, ಎಲೆ-ಕಸ ನಿಲ್ಲದೆ ಜಾರಿ ಹೋಗುತ್ತದೆ. 10x12 ಅಡಿ ಮಾಡಿನ ಮೇಲೆ ಗಂಟೆಗೆ 100 ಮಿ.ಮೀ. ಮಳೆ ಸುರಿದರೆ ಸಾವಿರದ ನೂರು ಲೀಟರ್ ನೀರು ಒಂದೇ ಅಂಚಿಗೆ ಬರುತ್ತದೆ. ಆ ಅಂಚಿನಲ್ಲಿ ನೀರು ಹಿಡಿದು ಹರಿಸುವ ದಂಬೆ ಇಲ್ಲದಿದ್ದರೆ ಅದು ನೆಲಕ್ಕೆ ಬಿದ್ದು ಸಿಡಿದು ನಿಮ್ಮ ಜಗಲಿಗೇ ವಾಪಸು ಬರುತ್ತದೆ.

ಸೋರಿಕೆಯ ದೂರು ಬರುವುದು ಶೀಟಿನ ನಡುವಿನಿಂದಲ್ಲ, ಮಾಡು ಮನೆಯ ಗೋಡೆಗೆ ಸೇರುವ ಗೆರೆಯಿಂದ. ಅಲ್ಲಿ ಸಂದು ಮುಚ್ಚುವ ತಗಡನ್ನು ಗೋಡೆಗೆ ಒತ್ತಿಟ್ಟು ಸಿಲಿಕಾನ್ ಬಳಿದು ಹೋಗುವುದು ಎಲ್ಲೆಲ್ಲೂ ನಡೆದಿದೆ. ಗೋಡೆಯ ಸುಣ್ಣಬಣ್ಣ ಏಳುತ್ತಿದ್ದಂತೆ ಸಿಲಿಕಾನ್ ಕೂಡ ಬಣ್ಣದ ಜೊತೆಗೇ ಎದ್ದು ಬರುತ್ತದೆ. ಸರಿಯಾದ ಕ್ರಮ ಬೇರೆ. ಗೋಡೆಯಲ್ಲಿ ಒಂದು ಇಂಚು ಆಳಕ್ಕೆ ಗ್ರೂವ್ ಕೊರೆದು, ತಗಡಿನ ಮಡಚಿದ ಅಂಚನ್ನು ಅದರೊಳಗೆ ತೂರಿಸಿ, ಗಾರೆ ತುಂಬಿ, ಅದರ ಮೇಲೆ ಸೀಲೆಂಟ್. ತಗಡಿನ ಕೆಳ ಅಂಚು ಶೀಟಿನ ಮೇಲೆ ಆರು ಇಂಚಾದರೂ ಹಾಸಿರಬೇಕು. ಅರ್ಧ ದಿನದ ಕೆಲಸ ಹೆಚ್ಚುತ್ತದೆ, ಅದಕ್ಕೇ ಯಾರೂ ತಾವಾಗಿ ಮಾಡುವುದಿಲ್ಲ.

ಗಾಳಿಯನ್ನು ಬಹಳ ಮಂದಿ ಮರೆಯುತ್ತಾರೆ. ಕಟ್ಟಡಗಳ ಮೇಲಿನ ಗಾಳಿಯ ಹೊರೆಯನ್ನು ಹೇಳುವ ಭಾರತೀಯ ಮಾನಕ 875ರ ಮೂರನೇ ಭಾಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಮೂಲ ಗಾಳಿವೇಗ ಹೇಳುತ್ತದೆ. ಸ್ಥೂಲ ಲೆಕ್ಕದಲ್ಲಿ ಮಂಗಳೂರಿನ ವೇಗಕ್ಕೆ ಚದರ ಮೀಟರಿಗೆ 90 ಕಿಲೋ ಮೇಲ್ಪಟ್ಟ ಒತ್ತಡ. ಬದಿ ತೆರೆದ ಮಾಡಿಗೆ ಗಾಳಿ ಕೆಳಗಿನಿಂದ ಎತ್ತುತ್ತದೆ, ಮೇಲಿನಿಂದ ಹೀರುತ್ತದೆ. 10x12 ಅಡಿಯ ಹಗುರ ಮಾಡನ್ನು ಒಂದು ಟನ್‌ನಷ್ಟು ಬಲ ಮೇಲಕ್ಕೆಳೆಯಬಹುದು. ಅಂದರೆ ಇಲ್ಲಿ ಕಂಬದ ಕೆಲಸ ಮಾಡನ್ನು ಹೊರುವುದಕ್ಕಿಂತ ಹೆಚ್ಚಾಗಿ ಹಿಡಿದಿಡುವುದು. ಕಂಬದ ಬುಡಕ್ಕೆ ಆರು ಇಂಚು ಚೌಕದ, 8 ಮಿ.ಮೀ. ದಪ್ಪದ ಬೇಸ್ ಪ್ಲೇಟು, ನಾಲ್ಕು ಆಂಕರ್ ಬೋಲ್ಟು ಇರಲಿ. ಬೋಲ್ಟು ಕಾಂಕ್ರೀಟಿಗೆ ಇಳಿಯಬೇಕು, ಟೈಲ್ಸಿಗಲ್ಲ. ಕಂಬದ ಬುಡ ನೆಲಕ್ಕಿಂತ ಎರಡು ಇಂಚು ಎತ್ತರದ ಕಟ್ಟೆಯ ಮೇಲಿರಲಿ, ನೀರು ನಿಂತಲ್ಲೇ ಪೈಪನ್ನು ಒಳಗಿನಿಂದ ತುಕ್ಕು ತಿನ್ನುತ್ತದೆ. ಜಿಐ ಪೈಪಾದರೂ ವೆಲ್ಡಿಂಗ್ ಆದ ಜಾಗದಲ್ಲಿ ಸತುವಿನ ಲೇಪ ಸುಟ್ಟು ಹೋಗಿರುತ್ತದೆ. ಅಲ್ಲಿಗೆ ಸತು ಹೆಚ್ಚಿರುವ ಪ್ರೈಮರ್ ಹಚ್ಚದೆ ನೇರ ಬಣ್ಣ ಹೊಡೆದರೆ ಎರಡನೇ ಮಳೆಗೆ ಕೆಂಪು ಗೆರೆ ಇಳಿಯುತ್ತದೆ.

ಪೈಪಿನಲ್ಲಿ ಮೋಸ ಸಲೀಸು, ಹಿಡಿಯುವುದೂ ಸಲೀಸು. ಎರಡು ಇಂಚು ಚೌಕದ, 2 ಮಿ.ಮೀ. ದಪ್ಪದ ಪೈಪು ಆರು ಮೀಟರಿಗೆ ಸುಮಾರು 18 ಕಿಲೋ ತೂಗಬೇಕು. 1.6 ಮಿ.ಮೀ. ಆದರೆ ಹದಿನಾಲ್ಕೂವರೆ, 1.2 ಆದರೆ ಹನ್ನೊಂದು. ಬಣ್ಣ ಹಚ್ಚಿದ ಮೇಲೆ ಮೂರೂ ಒಂದೇ ತರ ಕಾಣುತ್ತವೆ. ಲಾರಿಯಿಂದ ಇಳಿಸುವಾಗಲೇ ಒಂದು ಪೈಪನ್ನು ತಕ್ಕಡಿಗೆ ಹಾಕಿಸಿ.

ಸೊಳ್ಳೆಗೆ ಜಾಲರಿಯೇ ಸರಿ. ಡೆಂಗಿ ಹರಡುವ ಈಡಿಸ್ ಹಗಲು ಕಚ್ಚುವಂಥದ್ದು, ಆದ್ದರಿಂದ ಸಂಜೆ ಮಾತ್ರ ಮುಚ್ಚುತ್ತೇನೆ ಅನ್ನುವ ಲೆಕ್ಕ ನಡೆಯುವುದಿಲ್ಲ. ಫೈಬರ್ ಗ್ಲಾಸ್ ಜಾಲರಿ ಅಗ್ಗ, ಆದರೆ ಇಲಿ ಕಡಿಯುತ್ತದೆ, ಬೆಕ್ಕು ಪರಚುತ್ತದೆ, ಮಂಗ ಬಂದರೆ ಕೇಳುವುದೇ ಬೇಡ. ಅವುಗಳ ಕಾಟ ಇರುವಲ್ಲಿ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಜಾಲರಿ, ಸಮುದ್ರದ ಹತ್ತಿರ ತುಕ್ಕನ್ನು ಇನ್ನೂ ಚೆನ್ನಾಗಿ ತಡೆಯುವ 316 ದರ್ಜೆ. ವೆಲ್ಕ್ರೋ ಅಂಟಿಸುವ ಜಾಲರಿ ಒದ್ದೆ ಗೋಡೆಗೆ ನಿಲ್ಲದು. ಜಾಲರಿ ಎಷ್ಟು ಒಳ್ಳೆಯದಾದರೂ ಬಾಗಿಲ ಕೆಳಗೆ ಬೆರಳು ತೂರುವ ಸಂದು ಬಿಟ್ಟರೆ ಎಲ್ಲ ವ್ಯರ್ಥ. ಅಲ್ಲಿ ಬ್ರಷ್ ಪಟ್ಟಿ, ಬಾಗಿಲಿಗೆ ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗು, ನೆಲದ ನೀರಿನ ತೂತಿಗೂ ಜಾಲರಿ ಬೇಕು. ಜಾಲರಿ ಗಾಳಿಯನ್ನೂ ಸಾಕಷ್ಟು ತಡೆಯುವುದರಿಂದ ಒಂದೇ ಕಿಟಕಿಯಷ್ಟು ಹಾಕಿಸುವ ಬದಲು ಎರಡು ಎದುರು ಬದಿಗಳಿಗೆ ಹಾಕಿಸುವುದು ಒಳ್ಳೆಯದು.

ಫ್ಲಾಟುಗಳಲ್ಲಿ ಈಗ ಎಲ್ಲರ ಬಾಯಲ್ಲೂ ‘ಇನ್‌ವಿಸಿಬಲ್ ಗ್ರಿಲ್’. ಲೇಪನವಿರುವ ಸ್ಟೀಲ್ ತಂತಿಗಳನ್ನು ಬಿಗಿಯಾಗಿ ಎಳೆದು ಕಟ್ಟುವ ಬಗೆ. ಅದು ಮಗು ಬೀಳದಂತೆ ತಡೆಯುತ್ತದೆ, ಪಾರಿವಾಳವನ್ನೂ ತಕ್ಕಮಟ್ಟಿಗೆ ತಡೆಯುತ್ತದೆ. ಕಟರ್ ತಂದ ಕಳ್ಳನನ್ನು ತಡೆಯದು. ತಂತಿ ಲಂಬವಾಗಿರಲಿ, ಅಡ್ಡ ಕಟ್ಟಿದರೆ ಮಗು ಏಣಿಯಂತೆ ಹತ್ತುತ್ತದೆ. ತಂತಿ ಒತ್ತಿದರೆ ಬಾಗುವುದರಿಂದ ಎರಡು ಇಂಚಿಗಿಂತ ಹೆಚ್ಚು ಅಂತರ ಬೇಡ, ಎತ್ತರ ಹೆಚ್ಚಿದ್ದಲ್ಲಿ ನಡುವೆ ಒಂದು ಆಧಾರಪಟ್ಟಿ ಕೊಡಿಸಿ. ಕಬ್ಬಿಣದ ಗ್ರಿಲ್ಲೇ ಬೇಕೆನ್ನುವವರಿಗೆ ಒಂದು ಮಾತು: ಒಂದು ಭಾಗವನ್ನು ಒಳಗಿನಿಂದ ತೆರೆಯುವಂತೆ ಮಾಡಿಸಿ, ಬೀಗದ ಕೀ ಅಲ್ಲೇ ಕೈಗೆಟಕುವಂತೆ ತೂಗುಹಾಕಿ. ಬೆಂಕಿ ಹತ್ತಿದಾಗ ಬಾಲ್ಕನಿಯೇ ಹೊರದಾರಿಯಾಗಬಹುದು.

ಹಾಗಾದರೆ ಗಾಜು ಎಲ್ಲಿ ಬೇಕು? ಮುಖ್ಯರಸ್ತೆಯ ಧೂಳು, ಸದ್ದು ಇರುವಲ್ಲಿ. ಚೌಕಟ್ಟು ಯುಪಿವಿಸಿ (ಗಡುಸು ಪ್ಲಾಸ್ಟಿಕ್) ಆದರೆ ಅದರೊಳಗೆ ಜಿಐ ಬಲವರ್ಧಕ ಪಟ್ಟಿ ಇದೆಯೇ ಎಂದು ಕತ್ತರಿಸಿದ ತುದಿಯಲ್ಲಿ ಕಣ್ಣಾರೆ ನೋಡಿ. ಅದಿಲ್ಲದ ಅಗಲ ಕಿಟಕಿ ಬಿಸಿಲಿಗೆ ಬಾಗಿ ಕೊಂಡಿ ಕೂರದಂತಾಗುತ್ತದೆ. ಕೆಳಗಿನ ಟ್ರ್ಯಾಕಿನಲ್ಲಿ ನೀರು ಹೊರಹೋಗುವ ಸಣ್ಣ ಸೀಳುಗಳಿರುತ್ತವೆ. ಪೇಂಟರುಗಳು ಅವನ್ನು ಪುಟ್ಟಿಯಿಂದ ಮುಚ್ಚಿಬಿಟ್ಟರೆ ಟ್ರ್ಯಾಕ್ ತುಂಬಿ ನೀರು ಮನೆಯೊಳಗೇ ಬರುತ್ತದೆ. ಗಾಜು ಟಫನ್ಡ್ (ಕಾಯಿಸಿ ಗಟ್ಟಿಮಾಡಿದ್ದು) ಇರಲಿ, ತೂತು-ಕಟಿಂಗ್ ಎಲ್ಲ ಟಫನಿಂಗ್‌ಗೆ ಮೊದಲೇ ಆಗಬೇಕು. ಆಮೇಲೆ ಅಳತೆ ತಪ್ಪಿದೆ ಎಂದು ಒಂದು ಇಂಚು ಕತ್ತರಿಸಲಾಗದು. ಸರಿಯುವ ಬಾಗಿಲಿನಲ್ಲಿ ತೆರೆಯುವುದು ಅರ್ಧ ಮಾತ್ರ ಎಂಬುದೂ ನೆನಪಿರಲಿ. ರಾಷ್ಟ್ರೀಯ ಕಟ್ಟಡ ಸಂಹಿತೆ ಕರಾವಳಿಯಂಥ ಸೆಕೆ-ತೇವದ ಊರುಗಳಲ್ಲಿ ಕೋಣೆಯ ನೆಲದ ಆರನೇ ಒಂದು ಭಾಗದಷ್ಟು ತೆರಪು ಕೇಳುತ್ತದೆ. 120 ಚದರ ಅಡಿ ಕೋಣೆಗೆ 20 ಚದರ ಅಡಿ. ಬಾಲ್ಕನಿ ಮುಚ್ಚಿದಾಗ ಅದರ ಹಿಂದಿನ ಕೋಣೆಗೆ ಇಷ್ಟು ಉಳಿಯುತ್ತದೆಯೇ ಎಂದು ಅಳೆದು ನೋಡಿ.

ಗಾಜಿನ ಕೆಳಗೆ ಇಟ್ಟಿಗೆಯ ಅರ್ಧಗೋಡೆ ಎಬ್ಬಿಸುವುದು ಮಾತ್ರ ಬೇಡವೇ ಬೇಡ. ನಾಲ್ಕು ಇಂಚಿನ, ಒಂದು ಮೀಟರ್ ಎತ್ತರದ, ಹತ್ತು ಅಡಿ ಉದ್ದದ ಗೋಡೆ ಆರುನೂರು ಕಿಲೋ ಹತ್ತಿರ ತೂಗುತ್ತದೆ, ಅದೂ ಚಾಚಿದ ಸ್ಲ್ಯಾಬಿನ ತುತ್ತತುದಿಯಲ್ಲಿ. ಅಷ್ಟೇ ಜಾಗಕ್ಕೆ 8 ಮಿ.ಮೀ. ಗಾಜು ಅರವತ್ತು ಕಿಲೋ.

ಹಿಂಬದಿಯ ಯುಟಿಲಿಟಿಯಲ್ಲಿ ಗ್ಯಾಸ್ ಗೀಸರ್ ಇದ್ದರೆ ಆ ಜಾಗವನ್ನು ಮುಚ್ಚಿಸಲೇಬೇಡಿ. ಮುಚ್ಚುವುದು ಅನಿವಾರ್ಯವಾದರೆ ಗ್ಯಾಸ್ ಗೀಸರನ್ನೇ ತೆಗೆಸಿ, ಕರೆಂಟಿನದ್ದು ಹಾಕಿಸಿ. ಮುಚ್ಚಿದ ಜಾಗದಲ್ಲಿ ಸೇರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಜೀವ ತೆಗೆಯುತ್ತದೆ. ಎಸಿಯ ಹೊರಘಟಕವನ್ನೂ ಗಾಜಿನೊಳಗೆ ಸೇರಿಸಬೇಡಿ, ಕರೆಂಟು ಬಿಲ್ಲು ಏರುತ್ತದೆ.

ಅಪಾರ್ಟ್‌ಮೆಂಟಿನವರು ಸಂಘದ ಲಿಖಿತ ಒಪ್ಪಿಗೆ ಪಡೆಯಬೇಕು. ಸ್ವಂತ ಮನೆಯವರು ಸೆಟ್‌ಬ್ಯಾಕ್ (ಮನೆಯ ಸುತ್ತ ಖಾಲಿ ಬಿಡಬೇಕಾದ) ಜಾಗದ ಮೇಲೆ ಮಾಡು ಚಾಚುವ ಮೊದಲು ಸ್ಥಳೀಯ ಸಂಸ್ಥೆಯಲ್ಲಿ ವಿಚಾರಿಸಬೇಕು, ಮಂಜೂರಾದ ನಕ್ಷೆಯಲ್ಲಿ ಇಲ್ಲದ್ದು ಮುಂದೆ ತಕರಾರಾಗುತ್ತದೆ.

ಕೊಟೇಶನ್‌ನಲ್ಲಿ ಪೈಪಿನ ದಪ್ಪ, ಶೀಟಿನ ದಪ್ಪ ಮತ್ತು ಕಂಪನಿ, ಸ್ಕ್ರೂ ದರ್ಜೆ, ಗೋಡೆ ಗ್ರೂವ್, ದಂಬೆ, ಪ್ರೈಮರ್ ಇವೆಲ್ಲ ಬರವಣಿಗೆಯಲ್ಲಿರಲಿ. ಕೊನೆಯ ಕಂತು ಕೊಡುವ ಮೊದಲು ಹೋಸ್ ಪೈಪಿನಿಂದ ಗೋಡೆ ಸೇರುವ ಗೆರೆಗೆ, ಪ್ರತಿ ಜೋಡಣೆಗೆ ಹತ್ತು ನಿಮಿಷ ನೀರು ಬಿಟ್ಟು ನೋಡಿ. ಸೋರಿದರೆ ಏಣಿ ಇನ್ನೂ ಅಲ್ಲೇ ಇರುತ್ತದೆ, ಕೆಲಸದವರೂ ಇರುತ್ತಾರೆ.

ಇಂತಿ,
ಫ್ಯಾಬ್ರಿಕೇಶನ್ ವೃತ್ತಿಯವರೊಬ್ಬರು
ಉಡುಪಿ ಜಿಲ್ಲೆ